ಪಿಳ್ಳಮ್ಮನ ಬಲಗೈ

೧೯೪೨ರ ಮಳೆಗಾಲದಲ್ಲಿ ನಾನು ದೇವನಹಳ್ಳಿಯ ಆಸ್ಪತ್ರೆಯೊಂದರಲ್ಲಿ ಹೆಂಗಸರ ವಾರ್ಡಿನ ನರ್ಸ್ ಆಗಿದ್ದೆ. ಹನ್ನೆರಡು ಹಾಸಿಗೆ, ಒಬ್ಬ ಡಾಕ್ಟರು, ಒಬ್ಬ ಕಾಂಪೌಂಡರ್. ಬೆಳಿಗ್ಗೆ ಮೈ ಒರೆಸುವುದು, ಆಮೇಲೆ ಟೆಂಪರೇಚರ್, ಆಮೇಲೆ ಗಂಜಿ, ಕೊನೆಗೆ ಡಾಕ್ಟರ ರೌಂಡ್ಸ್. ಈ ಕ್ರಮ ನನ್ನ ಮೈಗೆ ಎಷ್ಟು ಹತ್ತಿತೆಂದರೆ ಈಗಲೂ ಮನೆಯಲ್ಲಿ ಗಂಜಿಗೆ ಮುಂಚೆ ಯಾರಾದರೂ ಕಾಫಿ ಕೇಳಿದರೆ ಸಿಟ್ಟು ಬರುತ್ತದೆ.

ಆ ವರ್ಷ ಜಪಾನಿನವರು ಬರ್ಮಾಕ್ಕೆ ನುಗ್ಗಿದ್ದರು. ಅಲ್ಲಿದ್ದ ನಮ್ಮವರು ಕಾಡುದಾರಿ ಹಿಡಿದು ನಡೆದು ಬರುತ್ತಿದ್ದರು. ಹಾಗೆ ಬಂದ ಒಬ್ಬ ಮುದುಕಿಯನ್ನು ಜೊತೆಯ ಪ್ರಯಾಣಿಕರು ಸಣ್ಣ ಹಳಿಯ ರೈಲಿನಿಂದ ಇಳಿಸಿ ಆಸ್ಪತ್ರೆಗೆ ಬಿಟ್ಟು ಹೋದರು. ಹೆಸರು ಪಿಳ್ಳಮ್ಮ, ವಯಸ್ಸು ಎಂಬತ್ತರ ಹತ್ತಿರ. ರಕ್ತಭೇದಿ, ಊದಿದ ಕಾಲು, ಸೋತ ಹೃದಯ. ಡಾಕ್ಟರು ನೋಡಿ, "ಹೆಚ್ಚು ದಿನ ಇಲ್ಲ. ಸಂಬಂಧಿಕರಿಗೆ ತಿಳಿಸಿ" ಎಂದರು.

ಸೇರಿಸಿಕೊಳ್ಳುವಾಗ ‘ನೆಕ್ಸ್ಟ್ ಆಫ್ ಕಿನ್’, ಅಂದರೆ ಹತ್ತಿರದ ರಕ್ತಸಂಬಂಧಿ ಯಾರೆಂದು ಕೇಳುವುದು ನಿಯಮ. ಕೇಳಿದೆ.

"ಮಕ್ಳಿಲ್ಲ ತಾಯಿ. ಇಲ್ಲೇ ವಿಜಯಪುರದ ಕಡೆ ನನ್ನ ತವರು. ಅಣ್ಣನ ಮಕ್ಳುಮರಿ ಇದ್ರೂ ಇರಬೌದು. ನಮ್ಮೋರು ಒಬ್ರು ಬಂದು ಬಾಯಿಗೆ ನೀರು ಬಿಡ್ಲಿ. ನನ್ನ ಅನಾಥ ಹೆಣ ಮಾಡ್ಬೇಡಿ."

ಅವಳ ಭಯಕ್ಕೆ ಕಾರಣವಿತ್ತು. ಸಂಬಂಧಿಕರು ಬಂದು ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ ಪಡೆಯದ ಹೆಣವನ್ನು ‘ಅನ್‌ಕ್ಲೇಮ್ಡ್’ ಎಂದು ಬರೆದು ಪುರಸಭೆಯ ಗಾಡಿಗೆ ಕೊಡುತ್ತಿದ್ದೆವು. ಹೂಳುವಾಗ ಹೆಸರು ಹಿಡಿದು ಅಳುವವರೂ ಇರುತ್ತಿರಲಿಲ್ಲ.

ಅವಳು ಹೇಳಿದ ಊರಿಗೆ, ಅಣ್ಣನ ಹೆಸರು ಮತ್ತು ಮನೆದೇವರ ಹೆಸರು ಹಾಕಿ ಕಾಗದ ಬರೆದೆ. ಅಣ್ಣನ ಮೊಮ್ಮಗನಿಂದ ಉತ್ತರ ಬಂತು: "ನಮ್ಮ ತಾತನಿಗೆ ಪಿಳ್ಳಮ್ಮನೆಂಬ ತಂಗಿ ಇದ್ದುದು ನಿಜ. ಕಾಲರಾದಲ್ಲಿ ತೀರಿಹೋದರೆಂದು ಹಿರಿಯರು ಹೇಳುತ್ತಾರೆ. ಆ ಹೆಸರಿನವರು ಹೋಬಳಿಯಲ್ಲಿ ಬೇಕಾದಷ್ಟಿದ್ದಾರೆ." ಅಣ್ಣನಿಗೆ ಸಿಡುಬಿನಿಂದ ಒಂದು ಕಣ್ಣು ಹೋಗಿತ್ತೆಂದು ಪಿಳ್ಳಮ್ಮ ಹೇಳಿದಳು, ಅದನ್ನೂ ಬರೆದೆ. "ಅದು ಊರಿಗೆಲ್ಲ ಗೊತ್ತಿದ್ದ ವಿಷಯ" ಎಂದು ಉತ್ತರ ಬಂತು. ಓದಿ ಹೇಳಿದಾಗ ಪಿಳ್ಳಮ್ಮ ಗೋಡೆಯ ಕಡೆ ತಿರುಗಿದಳು.

ಪಕ್ಕದ ಹಾಸಿಗೆಯಲ್ಲಿ ಸೂಲಿಬೆಲೆಯ ನಂಜಮ್ಮ ಇದ್ದಳು. ಸೊಂಟ ಮುರಿದಿತ್ತು, ಬಾಯಿ ಗಟ್ಟಿಯಾಗಿತ್ತು. ಒಂದು ಬೆಳಿಗ್ಗೆ ನಾನು ಪಿಳ್ಳಮ್ಮನ ಬಲಗೈ ಒರೆಸುತ್ತಿದ್ದೆ. ಉಂಗುರದ ಬೆರಳಿಗೂ ಕಿರುಬೆರಳಿಗೂ ತುದಿಗೆಣ್ಣು ಇರಲಿಲ್ಲ. ರಂಗೂನಿನ ಯಾವುದೋ ಅಕ್ಕಿ ಮಿಲ್ಲಿನಲ್ಲಿ ಸಿಕ್ಕಿಕೊಂಡಿರಬೇಕು ಎಂದುಕೊಂಡಿದ್ದೆ. ನಂಜಮ್ಮ ಕತ್ತೆತ್ತಿ ನೋಡಿದಳು.

"ಏನಮ್ಮೋ ಪಿಳ್ಳಮ್ಮ, ಮಕ್ಳಿಲ್ಲ ಅಂದ್ಯಲ್ಲ! ಮಗಳಿಲ್ದೆ ಬೆರಳು ಕೊಟ್ಯಾ? ಇಲ್ಲಾ ಭೈರಪ್ಪ ಸುಮ್‌ಸುಮ್ನೆ ಕಚ್ಚಿಬಿಟ್ನಾ?"

ಪಿಳ್ಳಮ್ಮ ಕೈ ಮುಚ್ಚಿಕೊಂಡಳು. ನಾನು ತುಮಕೂರಿನ ಕಡೆಯವಳು, ನನಗೆ ಇದು ಹೊಸದು; ನಂಜಮ್ಮ ಬಿಡಿಸಿ ಹೇಳಿದಳು. ಈ ಸೀಮೆಯ ಕೆಲವು ಒಕ್ಕಲು ಮನೆತನಗಳಲ್ಲಿ ಹಿಂದೆ ಹಿರಿಯ ಮಗಳಿಗೆ ಕಿವಿ ಚುಚ್ಚಿಸುವಾಗ ತಾಯಿ ತನ್ನ ಎರಡು ಬೆರಳ ತುದಿಯನ್ನು ಭೈರವನಿಗೆ ಕೊಡುತ್ತಿದ್ದಳು. ಬಡಗಿ ಉಳಿ ಇಟ್ಟು ಕತ್ತರಿಸುತ್ತಿದ್ದ. ಸರ್ಕಾರ ಅದನ್ನು ನಿಲ್ಲಿಸಿದ ಮೇಲೆ ಬೆರಳಿಗೆ ಹೂ ಸುತ್ತಿ ಬಿಚ್ಚುವುದಷ್ಟೇ ಉಳಿಯಿತು. ಎಂದರೆ ಈ ಕೈಗೆ ಒಬ್ಬ ಹಿರಿಮಗಳು ಇರಲೇಬೇಕು.

ಪಿಳ್ಳಮ್ಮ ಗೋಡೆಗೆ ಹೇಳುವವಳಂತೆ ಹೇಳಿದಳು: "ಗಂಡ ಸತ್ತ. ಇನ್ನೊಬ್ಬನ ಜೊತೆ ಹಡಗು ಹತ್ತಿದೆ. ಮಗೀನ ಕಿವಿ ಇನ್ನೂ ಕೀವಾಗಿತ್ತು. ಅರಿಶಿನ ಹಚ್ಚಿ, ಮಲಗಿಸಿ ಬಂದ್ಬಿಟ್ಟೆ."

ನಂಜಮ್ಮ ಆಮೇಲೆ ತಮಾಷೆ ಮಾಡಲಿಲ್ಲ. "ಬರೀರಿ ನರ್ಸಮ್ಮ," ಎಂದಳು, "ಕಾರ್ಡ್ ಬೇಡ, ಕವರ್ ಹಾಕಿ. ಕಾರ್ಡಾದ್ರೆ ಜಗಲಿ ಮೇಲೆ ಊರೆಲ್ಲ ಓದ್ಬಿಡ್ತದೆ." ನಾನು ಪಿಳ್ಳಮ್ಮನ ಮುಖ ನೋಡಿದೆ. ಅವಳು ತಲೆಯಾಡಿಸಿದಳು.

ಹೊಸಕೋಟೆ ತಾಲ್ಲೂಕಿನಲ್ಲಿದ್ದ ಅವಳ ಗಂಡನ ದಾಯಾದಿಗಳಿಗೆ ಬರೆದೆ. ಮಗಳು ಎಲ್ಲಿದ್ದಾಳೆಂದಷ್ಟೇ ಕೇಳಿದೆ, ಪಿಳ್ಳಮ್ಮನ ಸುದ್ದಿ ಎತ್ತಲಿಲ್ಲ. "ಅಕ್ಕಯ್ಯಮ್ಮನವರನ್ನು ನಂದಗುಡಿ ಕಡೆ ಕೊಟ್ಟಿದೆ. ಅವರ ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡರು. ಪ್ರತಿ ಪಿತೃಪಕ್ಷದಲ್ಲಿ ಎಡೆ ಇಡುತ್ತಿದ್ದೇವೆ" ಎಂದು ಉತ್ತರ ಬಂತು. ಎಡೆ ಇಡಿಸಿಕೊಳ್ಳುತ್ತಿದ್ದವಳಿಗೆ ಆ ಹೊತ್ತು ನಾನು ಚಮಚೆಯಲ್ಲಿ ಗಂಜಿ ಕೊಡುತ್ತಿದ್ದೆ.

ಮಗಳಿಗೆ ಬರೆದ ಕವರಿಗೆ ಉತ್ತರವಿಲ್ಲ. ಪಿಳ್ಳಮ್ಮನಿಗೆ ಗಂಜಿ ನುಂಗುವುದೂ ನಿಂತಿತು. ಆಮೇಲೆ ಒಂದು ಮಧ್ಯಾಹ್ನ, ಅರವತ್ತು ದಾಟಿದ ಹೆಂಗಸೊಬ್ಬಳು ಸೆರಗು ಹೊದ್ದು ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು.

"ಕಾಗದ ಹಾಕಿದ್ದು ನೀನೇನಾ?"

"ಹೌದು."

"ನನ್ನ ಮೊಮ್ಮಗಳಿಗೆ ಗಂಡು ಗೊತ್ತಾಗ್ಯದೆ. ಮುತ್ತಜ್ಜಿ ಓಡಿಹೋದೋಳು ಅಂತ ಗೊತ್ತಾದ್ರೆ ವೀಳ್ಯ ವಾಪಸ್ ಬರ್ತದೆ. ನೀರು ಬಿಡ್ತೀನಿ. ಹೆಬ್ಬೆಟ್ಟು ಒತ್ತಲ್ಲ."

ನಾನು ಲೋಟ ಕೊಟ್ಟೆ. ಅವಳು ಬಗ್ಗಿ ತಾಯಿಯ ಬಾಯಿಗೆ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟಳು. ಪಿಳ್ಳಮ್ಮನಿಗೆ ಆ ಹೊತ್ತಿಗೆ ಕಣ್ಣು ಕಾಣುತ್ತಿರಲಿಲ್ಲ. ಬಲಗೈ ಮೇಲೆದ್ದಿತು; ಮೊಂಡು ಬೆರಳುಗಳು ಮಗಳ ಕೆನ್ನೆ ಸವರಿ ಕಿವಿಯ ಹಾಲೆಯ ಮೇಲೆ ನಿಂತವು.

"ಓಲೆ ಎಲ್ಲವ್ವ?"

"ಗಂಡ ಹೋದ್ಮೇಲೆ ತೆಗೆದೆ."

"ಕಿವಿ ಮಾಯ್ದದೆ."

"ಮಾಯ್ದು ಬೋ ದಿನ ಆಯ್ತು," ಎಂದಳು ಅಕ್ಕಯ್ಯಮ್ಮ. ಕೈಯನ್ನು ತೆಗೆದು ಹಾಸಿಗೆಯ ಮೇಲಿಟ್ಟು, ಲೋಟ ತೊಳೆದು ನನಗೆ ಕೊಟ್ಟು ಹೊರಟಳು.

ಮರುದಿನ ಬೆಳಿಗ್ಗೆ ಪಿಳ್ಳಮ್ಮ ತೀರಿಕೊಂಡಳು.

"ಯಾರೋ ಬಂದಿದ್ದರಂತಲ್ಲ?" ಎಂದು ಡಾಕ್ಟರು ಕೇಳಿದರು.

"ನೀರು ಕೊಟ್ಟು ಹೋದರು, ಸರ್."

ಅವರು ‘ಅನ್‌ಕ್ಲೇಮ್ಡ್’ ಎಂದು ಬರೆದರು. ನಾನು ಹೆಣಕ್ಕೆ ಸ್ನಾನ ಮಾಡಿಸಿ ಗಾಡಿಗೆ ಕೊಟ್ಟು, ಹಾಸಿಗೆಗೆ ಬೇರೆ ಷೀಟು ಹಾಕಿದೆ.

ಸ್ವಲ್ಪ ದಿನಕ್ಕೆ ವಿಜಯಪುರದ ಕಡೆಯ ಆ ಮೊಮ್ಮಗನಿಂದ ಕಾರ್ಡು ಬಂತು: "ಆ ಹೆಂಗಸು ತೀರಿಹೋಗಿದ್ದರೆ ದಿನ ತಿಳಿಸುವುದು. ಒಂದು ವೇಳೆ ನಮ್ಮವರೇ ಆಗಿದ್ದರೆ ಮನೆಯವರೆಲ್ಲ ಸೂತಕದ ಸ್ನಾನ ಮಾಡಬೇಕಾಗುತ್ತದೆ." ದಿನ ತಿಳಿಸಿದೆ. ಮಗಳಿಗೆ ಬರೆಯಲಿಲ್ಲ. ಅವಳಿಗೆ ಕವರನ್ನೂ ಯಾರೋ ಒಬ್ಬರು ಒಡೆದು ಓದಿ ಹೇಳಬೇಕಲ್ಲ.

ಆಮೇಲೆ ನಿವೃತ್ತಿಯವರೆಗೂ, ಹತ್ತಿರದ ಸಂಬಂಧಿ ಯಾರೆಂದು ನಿಯಮದ ಪ್ರಕಾರ ಕೇಳಿ ಬರೆದುಕೊಳ್ಳುತ್ತಿದ್ದೆ. ಪೆನ್ನು ಮುಚ್ಚಿದ ಮೇಲೆ ನನ್ನದೇ ಒಂದು ಪ್ರಶ್ನೆ ಇರುತ್ತಿತ್ತು: "ಯಾರು ಬಂದ್ರೆ ನಿಮಗೆ ಸಮಾಧಾನ?" ಎಷ್ಟೋ ಸಲ ಅವರು ಹೇಳಿದ ಹೆಸರು ನಾನು ಬರೆದುಕೊಂಡದ್ದರಲ್ಲಿ ಇರುತ್ತಿರಲಿಲ್ಲ.