ಹೊಸ ಕಾರಿನಲ್ಲಿ ಅಣ್ಣನ ಜೊತೆ ಘಾಟಿ ಇಳಿದದ್ದು

ಹೊಸ ಕಾರು ಮನೆಗೆ ಬಂದ ಮೊದಲ ವಾರ ನನ್ನ ಕಿವಿಯೇ ಮಂದವಾಗಿದೆಯೇನೋ ಅನ್ನಿಸುತ್ತಿತ್ತು. ಇಪ್ಪತ್ತೆರಡನೇ ವಯಸ್ಸಿಗೆ ಲಾರಿ ಹತ್ತಿದವನು ನಾನು. ಎಂಜಿನ್ನಿನ ಸದ್ದು ಕೇಳಿಯೇ ಗೇರ್ ಬದಲಿಸಿದವನು, ಸದ್ದು ಕೊಂಚ ಒರಟಾದರೂ ಗಾಡಿ ನಿಲ್ಲಿಸಿ ಇಳಿದು ನೋಡಿದವನು. ಈ ಕಾರಿನ ಬಾಗಿಲು ಹಾಕಿದರೆ ಸಾಕು, ಬಾಳ್ಳುಪೇಟೆಯ ಬಸ್ಸು, ಲಾರಿ, ಹಾರನ್ನು ಎಲ್ಲವೂ ದೂರದ ಯಾವುದೋ ಊರಿನವಾಗಿಬಿಡುತ್ತಿದ್ದವು. ಗೇರ್ ತಾನೇ ಬದಲಾಗುತ್ತಿತ್ತು. ನನ್ನ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿ ಹುಡುಕಿ ಸುಮ್ಮನಾಗುತ್ತಿತ್ತು.

ಷೋರೂಮಿನವರು ಮೊದಲು ಪೆಟ್ರೋಲ್ ಗಾಡಿಯನ್ನೇ ತೋರಿಸಿದ್ದರು. ಡೀಸೆಲ್ಲೇ ಬೇಕೆಂದು ಹಟ ಹಿಡಿದವನು ನಾನು. ನಮ್ಮ ಮನೆಯ ಅನ್ನ, ಮಕ್ಕಳ ಓದು, ಈಗ ಓಡುತ್ತಿರುವ ಮೂರು ಲಾರಿ, ಎಲ್ಲವೂ ಡೀಸೆಲ್ಲಿನಿಂದಲೇ ಬಂದದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಕೆಳಗಿಳಿದು ಬಾನೆಟ್ಟಿನ ಹತ್ತಿರ ಬಗ್ಗಿದರೆ ಆ ಹಳೆಯ ಕಟಕಟ ಸಣ್ಣಗೆ ಕೇಳುತ್ತಿತ್ತು. ಅಷ್ಟು ಕೇಳಿದರೆ ಸಮಾಧಾನ.

"ಕಾರು ತಂದಿದ್ದು ಒಳಗೆ ಕೂತ್ಕಳಕ್ಕೋ, ಹೊರಗೆ ನಿಂತ್ಕಂಡು ಕೇಳಕ್ಕೋ?" ಎಂದು ಹೆಂಡತಿ ನಗುತ್ತಿದ್ದಳು. ಬಿಸ್ಮಿಲ್ಲಾ ಹೇಳಿ ಮೊದಲು ಕೂತವಳು ಅವಳೇ. "ಅಣ್ಣನ್ನ ಯಾವಾಗ ಕೂರಿಸ್ತೀರಿ?" ಎಂದು ಕೇಳಿದವಳೂ ಅವಳೇ.

ಅಣ್ಣ ಅಂದರೆ ನನಗೆ ಲಾರಿ ಕಲಿಸಿದ ಡ್ರೈವರ್. ಒಡಹುಟ್ಟಿದವರಲ್ಲ. ಹಾನುಬಾಳು ಕಡೆಯವರು, ಹಣೆಗೆ ವಿಭೂತಿ ಹಚ್ಚದೆ ಸ್ಟಿಯರಿಂಗ್ ಮುಟ್ಟಿದವರಲ್ಲ. ಮಂಗಳೂರಿಗೆ ಕಾಫಿ ಮೂಟೆ ಸಾಗಿಸುವ ಲಾರಿಯಲ್ಲಿ ಅವರ ಪಕ್ಕ ಒಂದು ವರ್ಷ ಕೂತಿದ್ದೆ. ಆಮೇಲೆ ಒಂದು ದಿನ ಮಾರನಹಳ್ಳಿ ದಾಟುತ್ತಿದ್ದಂತೆ ಲಾರಿ ನಿಲ್ಲಿಸಿ, "ಇವತ್ತು ಘಾಟಿ ನೀನು ಇಳ್ಸು" ಅಂದರು.

ಇಳಿಸಿದೆ. ಭಯಕ್ಕೆ ಬ್ರೇಕಿನ ಮೇಲಿಂದ ಕಾಲನ್ನೇ ತೆಗೆಯಲಿಲ್ಲ. ನಾಲ್ಕೈದು ತಿರುವು ಕಳೆಯುವಷ್ಟರಲ್ಲಿ ಬ್ರೇಕ್ ಕಾದು ಸುಟ್ಟ ವಾಸನೆ ಬಂತು, ಹಿಡಿಯುವುದನ್ನೇ ಬಿಟ್ಟಿತು. ನನ್ನ ಕೈ ಮರಗಟ್ಟಿತ್ತು. ಅಣ್ಣ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು ಗೇರನ್ನು ಕೆಳಕ್ಕೆಳೆದರು, ಇನ್ನೊಂದು ಕೈಯಲ್ಲಿ ಸ್ಟಿಯರಿಂಗ್ ತಿರುಗಿಸಿ ಲಾರಿಯನ್ನು ಗುಡ್ಡದ ಕಡೆಗೆ ಒರಗಿಸಿಬಿಟ್ಟರು. ಮುಂಭಾಗ ಜಜ್ಜಿಹೋಯಿತು. ನಾವಿಬ್ಬರೂ ಉಳಿದೆವು.

ಮಾಲೀಕರು ಬಂದು, "ಯಾರು ಓಡಿಸ್ತಿದ್ದಿದ್ದು?" ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅಣ್ಣ, "ನಾನೇ" ಅಂದುಬಿಟ್ಟರು. ಎರಡು ತಿಂಗಳು ಅವರಿಗೆ ಲಾರಿ ಕೊಡಲಿಲ್ಲ. ಅವರು ಮನೆಯಲ್ಲಿ ಕೂತರು, ನಾನು ಕೆಲಸದಲ್ಲಿ ಉಳಿದೆ. ಆ ಮಾತನ್ನು ಆಮೇಲೆ ಅವರೂ ಎತ್ತಲಿಲ್ಲ. ಎತ್ತುವ ಧೈರ್ಯ ನನಗೂ ಆಗಲಿಲ್ಲ.

ಈಗ ಅಣ್ಣನಿಗೆ ಬೆನ್ನುನೋವು. ಬಸ್ಸಿನ ಕುಲುಕಾಟ ತಡೆಯದೆ, ಮಂಗಳೂರಿನಲ್ಲಿರುವ ಮಗಳ ಮನೆಗೆ ಹೋಗದೆ ಎರಡು ವರ್ಷವಾಗಿತ್ತು. ಮೊಮ್ಮಗಳನ್ನು ಫೋನಿನಲ್ಲಿ ಮಾತ್ರ ನೋಡಿದ್ದರು. ಭಾನುವಾರ ಬೆಳಿಗ್ಗೆ ಕಾರು ತಗೊಂಡು ಹೋದೆ. ಅವರ ಮನೆಯ ಮಣ್ಣಿನ ದಾರಿಯಲ್ಲಿ ಕಾರಿನ ಅಡಿ ಕಲ್ಲಿಗೆ ತಗುಲಿ ಕರಕ್ ಎಂದಿತು. ಟಾರು ಮುಗಿಯುವಲ್ಲಿಗೇ ಹಿಂದೆ ತಂದು ನಿಲ್ಲಿಸಿದೆ. ಅಣ್ಣನೇ ಊರುಗೋಲು ಹಿಡಿದು ನಡೆದು ಬಂದರು, ಜೇಬಿನಲ್ಲಿ ನಾಲ್ಕು ನಿಂಬೆಹಣ್ಣು. ಚಕ್ರಕ್ಕೊಂದರಂತೆ ಇಟ್ಟು, "ಹತ್ಸು" ಅಂದರು. ಹತ್ತಿಸಿದೆ. ಆಮೇಲೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಿಂತರು.

"ಹಾಕ್ಕಂಡೇ ಹತ್ತಿ ಅಣ್ಣ."

"ಸುಮ್ನಿರೋ ಮಾರಾಯ. ಒಳ್ಳೆ ಹಾಲಿನ ಕೆನೆ ಹಂಗೈತೆ ಸೀಟು."

ಮುಂದೆ ಕೂರುತ್ತೇನೆಂದರು. ಬೆನ್ನಿಗೆ ಹಿಂದಿನ ಸೀಟೇ ಹಿತವೆಂದು ಒಪ್ಪಿಸಿ ಸೀಟನ್ನು ಒರಗಿಸಿಕೊಟ್ಟೆ. ಸಕಲೇಶಪುರ ದಾಟುವವರೆಗೂ ಅವರ ವಿಚಾರಣೆ ಮುಗಿಯಲಿಲ್ಲ. "ಗೇರು ಅದೇ ಹಾಕ್ಕಂತದಾ? ನೀನೇನ್ ಮಾಡ್ತೀಯಾ ಮತ್ತೆ?" ಎದುರಿಗೆ ಬಂದ ಪ್ರತಿ ಲಾರಿಗೂ, "ಲೋಡು ಜಾಸ್ತಿ ಐತೆ, ದಾರಿ ಬುಡು" ಅನ್ನುತ್ತಿದ್ದರು.

ಘಾಟಿ ಶುರುವಾಯಿತು. ರಸ್ತೆ ಬದಲಾಗಿದೆ, ಆದರೆ ಆ ತಿರುವು ನನಗೆ ಗೊತ್ತು. ಇಷ್ಟು ವರ್ಷ ಹೇಳದ್ದನ್ನು ಅಲ್ಲಿಯೇ ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. "ಅಣ್ಣ, ಅವತ್ತು ನೀವು ನಾನೇ ಅಂತ ಅನ್ನದೇ ಇದ್ದಿದ್ರೆ..." ಎಂದು ಶುರು ಮಾಡಿದೆ. ಕನ್ನಡಿಯಲ್ಲಿ ನೋಡಿದರೆ ಅಣ್ಣ ಕತ್ತು ವಾಲಿಸಿ, ಬಾಯಿ ಅರೆತೆರೆದು ನಿದ್ದೆ ಹೋಗಿದ್ದರು.

ನಗು ಬಂತು, ಕಣ್ಣೂ ತುಂಬಿತು. ಬೇರೆಯವರು ಓಡಿಸುವಾಗ ಘಾಟಿಯಲ್ಲಿ ಕಣ್ಣು ಮುಚ್ಚಿದವರಲ್ಲ ಅವರು. ಒಂದು ತಿರುವಿನಲ್ಲೂ ಅವರ ತಲೆ ಆಡದಂತೆ ಇಳಿಸಿದೆ. ಅಷ್ಟು ನಯವಾಗಿ ಗಾಡಿ ಓಡಿಸಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಕಾರು ಕೊಂಡದ್ದು ಸಾರ್ಥಕವಾಯಿತು ಅಂತಲೂ ಆಗಲೇ ಅನ್ನಿಸಿದ್ದು.

ಗುಂಡ್ಯದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅಣ್ಣನಿಗೆ ಎಚ್ಚರವಾಯಿತು. "ಘಾಟಿ ಎಲ್ಲೋ?"

"ಇಳಿದಾಯ್ತು ಅಣ್ಣ."

"ಅಯ್ಯೋ, ಮಲಗ್ಬುಟ್ನಾ?" ನಾಚಿಕೊಂಡು ಮುಖ ಒರೆಸಿಕೊಂಡರು. ಚಹಾದ ಲೋಟ ಕೈಗೆ ಕೊಟ್ಟು, ಕೂಡಿಟ್ಟ ಮಾತನ್ನು ಅಲ್ಲೇ, ಬಸ್ಸುಗಳ ಗದ್ದಲದಲ್ಲೇ ಹೇಳಿದೆ. ಸರಿಯಾಗಿ ಹೇಳಲು ಬರಲಿಲ್ಲ. ಅಣ್ಣ ಚಹಾ ಮುಗಿಸಿ ಲೋಟ ಕೆಳಗಿಟ್ಟರು.

"ನಿಂಗೆ ಹೊಸದಾಗಿ ಮದ್ವೆ ಆಗಿತ್ತು ಕಣೋ," ಅಂದರು. "ನಂಗೆ ಮನೇಲಿ ಒಂದಿಷ್ಟು ಗದ್ದೆ ಕೆಲ್ಸ ಇತ್ತು. ಅಷ್ಟೇಯ." ಆಮೇಲೆ, "ಗುಡ್ಡದ ಕಡೀಕೆ ಒರಗ್ಸಿದ್ದು ಮಾತ್ರ ಚೆನ್ನಾಗಿತ್ತು, ಅಲ್ವಾ?" ಎಂದು ನಕ್ಕರು.

ಮಂಗಳೂರಿನಲ್ಲಿ ಮಗಳು ಗೇಟಿಗೆ ಓಡಿಬಂದಳು. ಕಾರಿನ ಕಡೆ ಅವಳು ನೋಡಲೇ ಇಲ್ಲ, ಮಗುವನ್ನು ನೇರ ಅಪ್ಪನ ತೋಳಿಗೆ ಹಾಕಿದಳು. ಅಣ್ಣನ ಊರುಗೋಲು ನನ್ನ ಕೈಯಲ್ಲಿ ಉಳಿಯಿತು. ಮಗು ಹಣೆಯ ವಿಭೂತಿಯನ್ನು ಬೆರಳಿನಿಂದ ಕೆರೆಯುತ್ತಿತ್ತು. ಅಣ್ಣ ತಲೆ ಬಗ್ಗಿಸಿ ಕೊಟ್ಟು ನಿಂತಿದ್ದರು.