ಹಾಲು, ಬ್ರೆಡ್, ಬಾವುಟ

ಜಪಾನಿ ಕಿರುಗವಿತೆ ಕಲಿಯಲು ನಾನು ಹೋದದ್ದು ಕಾವ್ಯದ ಹುಚ್ಚಿನಿಂದಲ್ಲ, ಮನೆಯಲ್ಲಿ ಒಬ್ಬಳೇ ಕೂತರೆ ಹೆದರಿಕೆಯಾಗುತ್ತಿತ್ತು ಅಂತ. ಎರಡು ಸಾವಿರದ ಒಂದರ ಚಳಿಗಾಲ. ನ್ಯೂಯಾರ್ಕಿನ ಗೋಪುರಗಳು ಉರುಳಿದ ಮೇಲೆ, ಲಾಸ್ ಏಂಜಲೀಸ್ ಪಕ್ಕದ ಕಲ್ವರ್ ಸಿಟಿಯ ಬೀದಿಯಲ್ಲಿ ತಲೆಗೆ ದುಪಟ್ಟಾ ಹೊದ್ದು ನಡೆದರೆ ಪಕ್ಕದಲ್ಲಿ ಕಾರುಗಳು ನಿಧಾನವಾಗುತ್ತಿದ್ದವು. ‘ತೆಗ್ದಿಡು ಮಗಳೇ’ ಎಂದು ಮೈಸೂರಿನಿಂದ ಅಮ್ಮಿ ಫೋನಿನಲ್ಲಿ ಅಳುತ್ತಿದ್ದರು. ನಾನು ಹಟಮಾರಿ, ತೆಗೆಯಲಿಲ್ಲ. ಎದೆ ಢವಢವ ಅನ್ನುವುದು ಮಾತ್ರ ತಪ್ಪಲಿಲ್ಲ.

ಲೈಬ್ರರಿಯಲ್ಲಿ ಪಾಠ ಹೇಳುತ್ತಿದ್ದ ಅಜ್ಜಿ ಜಪಾನಿ ವಂಶದವರು, ಹುಟ್ಟಿದ್ದು ಲಾಸ್ ಏಂಜಲೀಸ್‌ನಲ್ಲೇ. ಐದೇ ಸಾಲಿನ ಪದ್ಯ. ಹುಣ್ಣಿಮೆ, ಮಲ್ಲಿಗೆ ಎಂದು ಬರೆದುಕೊಂಡು ಹೋದರೆ ಬದಿಗಿಟ್ಟರು. ‘ಜಪಾನಿನ ಈಗಿನ ಹುಡುಗಿಯರು ಅಂಗಡಿ, ಸೇಲು, ಬರ್ಗರ್ ಮೇಲೆ ಬರೀತಾರೆ. ನಮ್ಮ ಬದುಕು ಈಗಿರೋದೇ ಅಲ್ಲಿ. ಈ ವಾರ ಏನು ಕೊಂಡ್ರಿ, ಅದನ್ನ ಬರೀರಿ. ಏನನ್ನಿಸ್ತು ಅನ್ನೋದು ಬೇಡ,’ ಎಂದರು ಇಂಗ್ಲಿಷಿನಲ್ಲಿ.

ಬರೆದೆ:

ಹಾಲು ಬ್ರೆಡ್ ಮೊಟ್ಟೆ
ಜೊತೆಗೊಂದು ಬಾವುಟ
ಕಾರಿಗೆ ಕಟ್ಟಿ
ಮನೆಗೆ ಬರುವಾಗ
ಕನ್ನಡಿ ನೋಡುತ್ತೇನೆ

ಬಾವುಟ ಇಲ್ಲಿದ್ದ ನಮ್ಮವರ ಉಪಾಯ. ಕಾರಿನ ಮೇಲೆ ಅಮೆರಿಕದ ಬಾವುಟವಿದ್ದರೆ ಯಾರೂ ತಂಟೆಗೆ ಬರುವುದಿಲ್ಲವಂತೆ. ಸೂಪರ್ ಮಾರ್ಕೆಟ್ಟಿನಲ್ಲಿ ಮೊಟ್ಟೆಯ ಪಕ್ಕದಲ್ಲೇ ಗುಡ್ಡೆ ಹಾಕಿದ್ದರು. ಭಯಕ್ಕೆ ತಾಯಿತ ಕಟ್ಟಿಸುವ ಮನೆಯಿಂದ ಬಂದವಳು ನಾನು, ನಗುವುದು ಹೇಗೆ?

ಆ ಶನಿವಾರ ಕ್ಲಾಸಿನವರೆಲ್ಲ ಮಾಲ್‌ನಲ್ಲಿ ಮೈಕ್ ಹಿಡಿದು ತಮ್ಮ ಪದ್ಯ ಓದಬೇಕಿತ್ತು. ಗಂಡ ಬೆವತುಹೋದರು.

‘ಬೇಡ ಕಣೇ. ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡಿದೀವಿ. ಯಾರಾದ್ರೂ ಕಂಪ್ಲೇಂಟ್ ಮಾಡಿದ್ರೆ ಇಬ್ಬರನ್ನೂ ಎತ್ತಾಕ್ಕೊಂಡು ಹೋಗ್ತಾರೆ.’

ನನಗೂ ಅದೇ ಭಯ. ಓದುವುದಿಲ್ಲ ಎಂದು ಹೇಳಲು ಅಜ್ಜಿಯ ಹತ್ತಿರ ಹೋದೆ.

ಅವರು ಪದ್ಯ ನೋಡಿ ಕನ್ನಡಕ ತೆಗೆದರು. ‘ನಮ್ಮಪ್ಪನೂ ಕೊಂಡಿದ್ರು. ಜಪಾನ್ ಜೊತೆ ಯುದ್ಧ ಶುರುವಾದಾಗ. ಅಂಗಡೀಲಿ ಇದ್ದಿದ್ರಲ್ಲೇ ದೊಡ್ಡ ಬಾವುಟ.’

‘ಆಮೇಲೆ?’ ಎಂದೆ, ಆಸೆಯಿಂದ.

‘ಜಪಾನಿ ಮೂಲದವರು ಅಂತ ಸರ್ಕಾರ ನಮ್ಮನ್ನ ಮುಳ್ಳುತಂತಿ ಕ್ಯಾಂಪಿಗೆ ಸಾಗಿಸೋಕೆ ಬಸ್ಸು ಕಳಿಸಿದಾಗ್ಲೂ ಅದು ಬಾಗಿಲ ಮೇಲೆ ಹಾರಾಡ್ತಾನೇ ಇತ್ತು.’

ಮನೆವರೆಗೆ ಹೇಗೆ ಡ್ರೈವ್ ಮಾಡಿದೆನೋ ಗೊತ್ತಿಲ್ಲ. ಬಾಗಿಲ ಮುಂದೆ ಗಂಡ ಸ್ಟೂಲ್ ಹತ್ತಿ ನಿಂತಿದ್ದರು, ಕೈಯಲ್ಲಿ ಹೊಸ ಬಾವುಟ.

‘ಅಂಗಡೀಲಿ ಇದ್ದಿದ್ರಲ್ಲೇ ದೊಡ್ಡದು ನೋಡು,’ ಎಂದರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ನಗು.

ಆ ನಗು ಆರಿಸಲು ಮನಸ್ಸು ಬರಲಿಲ್ಲ. ಅಲುಗಾಡುತ್ತಿದ್ದ ಸ್ಟೂಲನ್ನು ಎರಡೂ ಕೈಯಿಂದ ಹಿಡಿದುಕೊಂಡೆ.