ಅಪ್ಪನ ಮೂಗಿಗೆ ತಕ್ಕ ಆಂಪ್ಲಿಫೈಯರ್

ನಮ್ಮಪ್ಪ ಕೆಟ್ಟದಾಗಿ ಹಾಡುತ್ತಿದ್ದ. ಅವನು ಬದುಕಿರುವವರೆಗೆ ಧಾರವಾಡದ ನಮ್ಮ ಓಣಿಯಲ್ಲಿ ಈ ಮಾತನ್ನು ಯಾರೂ ಅಲ್ಲಗಳೆದಿರಲಿಲ್ಲ. ನಶ್ಯ ಏರಿಸಿ ಏರಿಸಿ ಮೂಗು ಕಟ್ಟಿಹೋಗಿತ್ತು, ಭಜನೆಯ ಪದಗಳೆಲ್ಲ ಆ ಮೂಗಿನ ಮೂಲಕವೇ ನುಸುಳಿ ಹೊರಗೆ ಬರಬೇಕಿತ್ತು. ಆದರೆ ತಿಥಿಯ ಊಟಕ್ಕೆ ಕೂತವರು, ಎರಡನೇ ಸಲ ಹೋಳಿಗೆ ಬಡಿಸುವ ಹೊತ್ತಿಗೆ, "ಏನ್ ಕಂಠರೀ ಅವರದು!" ಎಂದು ಶುರುಮಾಡಿದರು. ಸತ್ತವರ ಫೋಟೋಕ್ಕೆ ಹಾರ ಹಾಕುವಾಗ ನಮ್ಮ ಮಂದಿ ಒಂದು ಒಳ್ಳೆಯ ಕಂಠವನ್ನೂ ಹಾಕಿಬಿಡುತ್ತಾರೆ. ನಾನೂ ಹೂಂ ಹೂಂ ಎಂದು ತಲೆಯಾಡಿಸಿದೆ. ಅಪ್ಪನ ಹಾಡಿನಲ್ಲಿ ತಪ್ಪು ಹುಡುಕುವ ಮಗ ಎನ್ನಿಸಿಕೊಳ್ಳುವುದು ಯಾರಿಗೆ ಬೇಕು?

ಆ ಕಂಠದ್ದು ಒಂದೇ ಒಂದು ರೆಕಾರ್ಡ್ ಇತ್ತು. ದುಡ್ಡು ಕೊಟ್ಟವರ ಹಾಡನ್ನೆಲ್ಲ ರೆಕಾರ್ಡಿನ ತಟ್ಟೆಗೆ ಇಳಿಸಿಕೊಡುವವನೊಬ್ಬ ಹಿಂದೊಮ್ಮೆ ಹುಬ್ಬಳ್ಳಿಗೆ ಬಂದಿದ್ದನಂತೆ. ಅಪ್ಪ ಹೊಸ ರುಮಾಲು ಸುತ್ತಿಕೊಂಡು ಹೋಗಿ ಹಾಡಿಬಂದಿದ್ದ. ಅಪ್ಪ ಹೋದ ಮೇಲೆ ಅವ್ವನನ್ನು ಮಲಾಡ್‌ನ ನನ್ನ ಚಾಳಿನ ಖೋಲಿಗೆ ಕರೆತಂದಾಗ ಅವಳು ಆ ರೆಕಾರ್ಡನ್ನು ಇಳಕಲ್ ಸೀರೆಯಲ್ಲಿ ಸುತ್ತಿ ತಂದಳು. ನನ್ನ ಹತ್ತಿರ ಕೈಯಿಂದ ಕೀಲಿ ಕೊಡುವ ಹಳೆಯ ಗ್ರಾಮೋಫೋನ್ ಇತ್ತು. ಹಚ್ಚಿದೆ. ಅದೇ ಅನಾಹುತವಾಯಿತು. ಆ ತಟ್ಟೆ ಅಂಗಡಿಯ ರೆಕಾರ್ಡಿನಷ್ಟು ಗಟ್ಟಿಯಲ್ಲ, ಮೆತ್ತಗಿನದು. ಗ್ರಾಮೋಫೋನಿನ ಉಕ್ಕಿನ ಸೂಜಿ ಭಾರ ಬಿಟ್ಟು ಕೆರೆದು, ನಾಲ್ಕಾರು ಸಲ ಕೇಳುವುದರೊಳಗೆ ಮೊದಲ ನುಡಿಯೆಲ್ಲ ಬರೀ ಸರಸರ ಸದ್ದಾಯಿತು.

"ಅಳಿಸಿ ಹೊಂಟಾರ ನಿಮ್ಮಪ್ಪ," ಎಂದಳು ಅವ್ವ. ರೆಕಾರ್ಡನ್ನು ಮತ್ತೆ ಸೀರೆಯಲ್ಲಿ ಸುತ್ತಿ ಟ್ರಂಕಿನೊಳಗೆ ಇಟ್ಟಳು. ಆಮೇಲೆ ಒಂದು ದಿನವೂ ಹಚ್ಚು ಎನ್ನಲಿಲ್ಲ. ಅವಳು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ, ಕೇಳದೆ ಸುಮ್ಮನಿದ್ದದ್ದು ನನಗೆ ಸಂಕಟವಾಯಿತು.

ಕರೆಂಟಿನ ಪಿಕಪ್ಪು, ಅಂದರೆ ರೆಕಾರ್ಡಿನ ಮೇಲೆ ಇಳಿಸುವ ತೋಳು, ಅದರ ಸೂಜಿ ಹಗುರ, ತಟ್ಟೆಯನ್ನು ಅಷ್ಟು ತಿನ್ನುವುದಿಲ್ಲ, ಆದರೆ ಅದರ ಸಣ್ಣ ಸದ್ದನ್ನು ದೊಡ್ಡದು ಮಾಡಲು ಒಂದು ವಾಲ್ವಿನ ಆಂಪ್ಲಿಫೈಯರ್ ಬೇಕು ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ಸರಿ, ಒಂದು ಶನಿವಾರ ಮಧ್ಯಾಹ್ನ ಆಫೀಸಿನಿಂದ ನೇರ ಮನೆಗೆ ಬಂದು, ಅವ್ವನನ್ನೂ ರೆಕಾರ್ಡನ್ನೂ ಲೋಕಲ್ ಹತ್ತಿಸಿಕೊಂಡು ಬಾಂದ್ರಾದ ಆಂಪ್ಲಿಫೈಯರ್ ಅಂಗಡಿಗೆ ಹೊರಟೆ. ಜೊತೆಗೆ ನಮ್ಮ ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿನ ಮಾಲೀಕರು. ಅವರನ್ನು ನಾನು ಕರೆದಿರಲಿಲ್ಲ. ಗಣಪತಿ ಮಂಟಪಕ್ಕೆ ವರ್ಷವರ್ಷ ಲೌಡ್‌ಸ್ಪೀಕರ್ ಗೊತ್ತುಮಾಡುವ ಹಿರಿಯರಾದ್ದರಿಂದ ಆಂಪ್ಲಿಫೈಯರಿನ ವಿಷಯದಲ್ಲಿ ತಮ್ಮನ್ನು ಬಿಟ್ಟರಿಲ್ಲ ಎಂದು ತಾವೇ ತೀರ್ಮಾನಿಸಿದ್ದರು.

ಅಂಗಡಿಯವನು ರೆಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ ತಲೆ ಕೊಡವಿದ. "ಬಹುತ್ ಘಿಸ್ ಗಯಾ ಹೈ, ಸೇಠ್. ಟ್ರಯಲ್ ಕೇ ಲಿಯೇ ಏಕ್-ದೋ ಬಾರ್, ಬಸ್." ತುಂಬ ಸವೆದಿದೆ, ಪರೀಕ್ಷೆಗೆ ಒಂದೆರಡು ಸಲ ಹಚ್ಚಬಹುದು ಅಷ್ಟೇ, ಹಗುರ ಸೂಜಿಯಾದರೂ ಪ್ರತಿ ಸಲಕ್ಕೆ ಒಂದಿಷ್ಟು ಸವೆಯುತ್ತದೆ ಎಂದ. ಅಂದರೆ ಆಂಪ್ಲಿಫೈಯರ್ ಆರಿಸುತ್ತ ಕೂತರೆ ಅಪ್ಪ ಅಲ್ಲೇ ಮುಗಿದುಹೋಗುತ್ತಾನೆ.

ಮೊದಲು ತೆಗೆದದ್ದು ಮಿರಿಮಿರಿ ಪಾಲಿಶ್ ಮಾಡಿದ ಮರದ ಪೆಟ್ಟಿಗೆಯದು. ಎಲ್ಲವೂ ಅದೊಂದರಲ್ಲೇ, ಮುಂದೆ ಸಾಲಾಗಿ ಗುಂಡಿಗಳು. ಅಂಗಡಿಯವನು ಸೂಜಿ ಇಳಿಸಿ, ಒಂದು ಗುಂಡಿ ಆ ಕಡೆ, ಒಂದು ಈ ಕಡೆ ತಿರುವಿ, ಅಪ್ಪನ ದನಿಯೊಳಗಿನ ಮೂಗನ್ನು ನಾಜೂಕಾಗಿ ಕಿತ್ತು ತೆಗೆದ. ಆಹಾ! ಅರಮನೆಯಲ್ಲಿ ಸಾಕಿದ ಗವಾಯಿಯ ಹಾಗೆ ಅಪ್ಪ ಹಾಡತೊಡಗಿದ.

"ಎಂಥ ಸ್ವರ ಮಾರಾಯ್ರೆ! ಇಂಥ ತಂದೆ ನಿಮಗೆ ಇದ್ದದ್ದು ಹೇಳ್ಲೇ ಇಲ್ಲ ನೀವು!" ಎಂದು ಹೋಟೆಲ್ ಮಾಲೀಕರು ಕಣ್ಣು ಮುಚ್ಚಿಕೊಂಡರು. ತಿಥಿಯ ಊಟದ ಚಾಳಿ ಬಿಡುತ್ತದೆಯೇ, ನಾನೂ ತಲೆಯಾಡಿಸಿದೆ.

"ಹೆಂಗದ ಅವ್ವಾ?" ಎಂದೆ.

"ಛಲೋ ಅದ," ಎಂದಳು. ಮಂದಿಯ ಮನೆಯ ಉಪ್ಪಿನಕಾಯಿಯನ್ನು ಹೊಗಳುವಾಗ ಬರುವ ದನಿ ಅದು. ಸ್ವಲ್ಪ ಹೊತ್ತು ಕೇಳಿ, "ಯಾರಪಾ ಇವರು ಹಾಡೋರು?" ಎಂದು ಕೇಳಿದಳು.

ಸೂಜಿ ಎತ್ತಿಸಿದೆ. ಈ ಪೆಟ್ಟಿಗೆಯನ್ನು ಮನೆಗೆ ಒಯ್ದರೆ ದಿನಾ ಸಂಜೆ ಯಾವನೋ ಪರಕೀಯ ಬಂದು ಹಾಡಿ ಹೋಗುತ್ತಾನೆ, ಅವ್ವ ಪಾಪ ಮರ್ಯಾದೆಗೆ ಛಲೋ ಅದ ಎನ್ನುತ್ತಾಳೆ. "ನಾಕ್ ವಾಪಸ್ ಡಾಲೋ!" ಎಂದು ಅಂಗಡಿಯವನ ಮೇಲೆ ಹರಿಹಾಯ್ದೆ. ಯಾವ ಮೂಗು, ಎಲ್ಲಿಗೆ ವಾಪಸ್ ಹಾಕುವುದು, ಅವನಿಗೆ ಎಲ್ಲಿ ಅರ್ಥವಾಗಬೇಕು. ಇಷ್ಟು ಚಂದ ಮಾಡಿಕೊಟ್ಟರೂ ಬೈಯುವ ಗಿರಾಕಿಯನ್ನು ಅವನು ಕಂಡೇ ಇರಲಿಲ್ಲ. ಎಲ್ಲ ಗುಂಡಿಗಳನ್ನೂ ತಿರುಗಿಸಿದ, ಸೂಜಿಯನ್ನು ಒಂದು ಕ್ಷಣ ಇಳಿಸಿ ತೋರಿಸಿದ. ಊಹೂಂ, ಗವಾಯಿ ಅರಮನೆ ಬಿಟ್ಟು ಕದಲಲಿಲ್ಲ.

ಮೂಲೆಯಲ್ಲಿ ತಗಡಿನ ಡಬ್ಬಿಯ ಆಂಪ್ಲಿಫೈಯರೊಂದು ಬಿದ್ದಿತ್ತು. ಅದನ್ನು ಹಚ್ಚು ಎಂದೆ. ಅದು ಮನೆಗಲ್ಲ, ಜಾತ್ರೆಯಲ್ಲಿ ಕಳೆದುಹೋದ ಮಕ್ಕಳ ಹೆಸರು ಕೂಗುವುದಕ್ಕೆ ಎಂದು ಅಂಗಡಿಯವನು ನಕ್ಕ. ಹೋಟೆಲ್ ಮಾಲೀಕರು, "ಬೇಡ ಮಾರಾಯ್ರೆ, ನಮ್ಮ ಮಂಟಪದ್ದು ಇದೇ ಜಾತಿ. ಆರತಿಯ ಹೊತ್ತಿಗೆ ಗಣಪತಿಯೇ ಕಿವಿ ಮುಚ್ಚಿಕೊಳ್ಬೇಕು," ಎಂದರು. ನಾನು ಹಟ ಹಿಡಿದೆ, ಅಂಗಡಿಯವನು ಅದಕ್ಕೆ ಬೇರೊಂದು ಪಿಕಪ್ಪು ಜೋಡಿಸಿದ. ಹಿಂದುಗಡೆ ಬಲ್ಬಿನಂಥ ವಾಲ್ವುಗಳು ಮೆಲ್ಲಗೆ ಕೆಂಪಾದವು, ಡಬ್ಬಿ ಗುಂಯ್ ಎಂದು ಗೊಣಗಿತು. ಉಳಿದಿದ್ದ ಒಂದು ಸಲವನ್ನು ನಾನು ಜಾತ್ರೆಯ ಡಬ್ಬಿಗೆ ಕೊಡುತ್ತಿದ್ದೆ. ಸೂಜಿ ಇಳಿಯಿತು.

ಸರಸರ ಸದ್ದು ದಾಟಿ ಎರಡನೇ ನುಡಿ ಬಂತು ನೋಡಿ, ಅಪ್ಪನ ಮೂಗು ಅಂಗಡಿಯ ತುಂಬ ತುಂಬಿಕೊಂಡಿತು. ಅದೇ ಗೊರಗೊರ, ಅದೇ ಒಡಕು, ಮೇಲಿನ ಷಡ್ಜಕ್ಕೆ ಹತ್ತಲು ಹೋಗಿ ಜಾರಿಬೀಳುವ ಅದೇ ಹಟಮಾರಿತನ. ಹೋಟೆಲ್ ಮಾಲೀಕರು ಬಾಯಿ ತೆರೆದವರು ಮುಚ್ಚಲಿಲ್ಲ. ದಾರಿಯಲ್ಲಿ ಹೋಗುವವರು ನಿಂತು ಇಣುಕಿದರು.

ಅವ್ವ ಸ್ಟೂಲಿನಿಂದ ಧಡಕ್ಕನೆ ಎದ್ದಳು. ಹುಬ್ಬು ಗಂಟಿಕ್ಕಿ, ಡಬ್ಬಿಯ ಕಡೆ ಕೈ ಬೀಸಿ, "ಮೆಲ್ಲಕ ಹಾಡ್ರೀ! ಎಷ್ಟು ಸಲ ಹೇಳಬೇಕು ನಿಮಗ? ಕೂಸು ಈಗ ಮಲಗೇದ, ಎದ್ದೀತು!" ಎಂದು ಗದರಿದಳು.

ಆ ಕೂಸು ದಪ್ಪ ಮೀಸೆ ಬಿಟ್ಟುಕೊಂಡು, ಆಫೀಸಿನ ಕೋಟು ಹಾಕಿಕೊಂಡು ಅವಳ ಪಕ್ಕದಲ್ಲೇ ನಿಂತಿತ್ತು. ಅವ್ವ ನನ್ನ ಮುಖ ನೋಡಿದಳು. ಸೆರಗು ಬಾಯಿಗೆ ಹೋಯಿತು, ಭುಜ ಅಲುಗಿತು. ಅಂಗಡಿಯವನು ಗಾಬರಿಯಾಗಿ ಸದ್ದು ತಗ್ಗಿಸಲು ಕೈ ಚಾಚಿದ. ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಾನು ಆಡಿದ ಮಾತೂ ಅಪ್ಪನ ಹಾಗೆ ಮೂಗಿನಿಂದಲೇ ಬಂತು.

"ಹಾಡ್ಲಿ ಬಿಡವ್ವಾ," ಎಂದೆ. "ಕೂಸು ಎದ್ದೇದ."